ಚೀಟಿ ಬದಲಾದ ಮಣ್ಣು

ನಮ್ಮ ಮನೆಯ ಅಡುಗೆಕೋಣೆಯಲ್ಲಿ ಸಕ್ಕರೆ ಡಬ್ಬದ ಮೇಲೆ ‘ಸಕ್ಕರೆ’ ಎಂದು ಬರೆದಿದೆ. ಮುಚ್ಚಳ ತೆಗೆದರೆ ಒಳಗೂ ಒಂದು ಚೀಟಿ ಇದೆ. ಅದರಲ್ಲೂ ‘ಸಕ್ಕರೆ’ ಎಂದೇ ಇದೆ. ಉಪ್ಪು, ಹೆಸರುಬೇಳೆ, ಕುಚ್ಚಲಕ್ಕಿ ಯಾವುದಕ್ಕೂ ವಿನಾಯಿತಿ ಇಲ್ಲ. ಬಂದ ನೆಂಟರು ಈ ಮನೆಯ ಹೆಂಗಸಿಗೆ ಉಪ್ಪು ಸಕ್ಕರೆಯ ವ್ಯತ್ಯಾಸ ತಿಳಿಯುವುದಿಲ್ಲವೇನೋ ಎಂದುಕೊಳ್ಳುತ್ತಾರೆ ಎಂಬುದು ನನ್ನ ಹೆಂಡತಿಯ ದೂರು. ಬರೆದವನು ನಾನು. ಒಮ್ಮೆ ಅವಳು ಬೇಸತ್ತು ನನ್ನ ಅಂಗಿಯ ಬೆನ್ನಿಗೇ ‘ಗಂಡ’ ಎಂದು ಬರೆದ ಚೀಟಿ ಅಂಟಿಸಿ ಪೇಟೆಗೆ ಕಳಿಸಿದ್ದಳು. ನಾನು ಕುಂದಾಪುರದ ಪೇಟೆಯಲ್ಲೆಲ್ಲ ಸುತ್ತಿ ಮೀನು ಮಾರ್ಕೆಟ್ಟಿಗೆ ಹೋದೆ. ಯಾರೂ ಏನೂ ಹೇಳಲಿಲ್ಲ. ಬಂಗುಡೆ ಕೊಟ್ಟ ಹೆಂಗಸು ಮಾತ್ರ ಚಿಲ್ಲರೆ ಎಣಿಸುತ್ತ, “ಯಾರ್ ಗಂಡ ಅಂತ ಬರೂಕೆ ಬಿಟ್ಟ್ ಹೋಯ್ತಲೆ ಮಾರ್ರೆ” ಎಂದಳು.

ಎರಡೆರಡು ಚೀಟಿ ಬರೆಯುವ ಈ ಚಟ ಹುಟ್ಟಿನಿಂದ ಬಂದದ್ದಲ್ಲ. ಇದು ಹತ್ತಿಕೊಂಡದ್ದು ಮೂರು ವರ್ಷದ ಹಿಂದೆ, ಬಸ್ರೂರಿನ ಕಡೆಯ ಒಂದು ಗದ್ದೆಯಿಂದ. ಅದನ್ನು ಹೇಳಬೇಕಾದರೆ ಮೊದಲು ನನ್ನ ಕಸುಬು ಹೇಳಬೇಕು.

ನಾನು ರೈತರಿಗೆ ಮಣ್ಣಿನ ಬಗ್ಗೆ ಸಲಹೆ ಕೊಡುವವನು. ತೆಂಕಲಿಗೆ ಬ್ರಹ್ಮಾವರ, ಬಡಗಲಿಗೆ ಬೈಂದೂರು, ಮೂಡಲಿಗೆ ಸಿದ್ದಾಪುರ, ಇಷ್ಟರೊಳಗೆ ಯಾರು ಕರೆದರೂ ಸ್ಕೂಟರಿನಲ್ಲಿ ಹೋಗಿ, ಗದ್ದೆ ತೋಟದ ಮಣ್ಣು ತೆಗೆದು, ಒಣಗಿಸಿ, ಪರೀಕ್ಷೆಗೆ ಕಳಿಸುತ್ತೇನೆ. ವರದಿ ಬಂದ ಮೇಲೆ ಅದನ್ನು ಓದಿ, ಇಷ್ಟು ಸುಣ್ಣ ಹಾಕಿ, ಇಷ್ಟು ಹಟ್ಟಿಗೊಬ್ಬರ ಹಾಕಿ, ಆ ಚೀಲ ಈ ವರ್ಷ ಬೇಡ ಎಂದು ಹೇಳಿ ಬರುತ್ತೇನೆ. ನಮ್ಮ ಕಡೆ ಸಲಹೆ ಕೊಡುವವರನ್ನೆಲ್ಲ ಮಾಷ್ಟ್ರು ಎನ್ನುವ ರೂಢಿ ಇರುವುದರಿಂದ ನಾನೂ ಮಾಷ್ಟ್ರು. ಒಂದು ದಿನವೂ ಶಾಲೆಯಲ್ಲಿ ಪಾಠ ಮಾಡಿದವನಲ್ಲ.

ನಿಜ ಹೇಳಬೇಕೆಂದರೆ ಮಣ್ಣು ಪರೀಕ್ಷೆಯನ್ನು ನಾನು ಶುರುಮಾಡಿದ್ದು ಮೂರನೆಯ ವಯಸ್ಸಿನಲ್ಲಿ. ಬ್ರಹ್ಮಾವರದ ನಮ್ಮ ಹಳೆಯ ಮನೆಗೆ ಮಣ್ಣಿನ ಗೋಡೆ. ಬಚ್ಚಲಿನ ಹಿಂದೆ ಕೂತು ಅದನ್ನು ಉಗುರಿನಿಂದ ಕೆರೆದು ತಿನ್ನುತ್ತಿದ್ದೆನಂತೆ. ಮೊದಲ ಮಳೆ ಬಿದ್ದ ದಿನ ಮಣ್ಣಿನ ವಾಸನೆ ಬಂದರೆ ನನ್ನನ್ನು ಹಿಡಿದಿಡುವುದೇ ಕಷ್ಟವಾಗುತ್ತಿತ್ತಂತೆ. ಗೋಡೆಯಲ್ಲಿ ತೂತು ಬೀಳುವ ಲಕ್ಷಣ ಕಂಡಾಗ ಅಜ್ಜಿ ನನ್ನ ಬಾಯಿ ತೆರೆಸಿ ನೋಡಿ, ಹುಳದ ಔಷಧಿ ಕುಡಿಸಿ, ಅಂಗಳದ ತುಳಸಿಕಟ್ಟೆಗೆ ಕಟ್ಟಿಹಾಕಿದ್ದರು. ಅಲ್ಲಿಯೂ ಮಣ್ಣೇ ಇತ್ತು ಎಂಬುದನ್ನು ಅವರು ಯೋಚಿಸಿರಲಿಲ್ಲ.

ಮಣ್ಣು ಪರೀಕ್ಷೆಯೆಂದರೆ ನಮ್ಮ ಜನರಿಗೆ ಮಕ್ಕಳ ಪರೀಕ್ಷೆಯಿದ್ದ ಹಾಗೆ. ಪಾಸಾಗಬೇಕು, ಮರ್ಯಾದೆ ಹೋಗಬಾರದು. ಸಿದ್ದಾಪುರದ ಕಡೆಯ ಒಬ್ಬರು ತೋಟದ ಮಣ್ಣು ಬಿಟ್ಟು ಗೊಬ್ಬರದ ಗುಂಡಿಯ ಬದಿಯಿಂದ ಅಗೆದ ಕಪ್ಪು ಮಣ್ಣನ್ನು ತಂದುಕೊಟ್ಟಿದ್ದರು. ಯಾಕೆ ಹೀಗೆ ಮಾಡಿದಿರಿ ಎಂದರೆ, “ಊರಿಡೀ ಕಾಂಬ ಕಾಗ್ದ ಅದ್, ಚಂದ ಇರ್ಲಿ ಅಂತ” ಎಂದರು. ಬೈಂದೂರಿನ ಒಬ್ಬ ಶೇಂಗಾ ಬೆಳೆಗಾರರು ಬಟ್ಟೆ ತೊಳೆಯುವ ಪುಡಿಯ ಖಾಲಿ ಪ್ಯಾಕೆಟ್ಟಿನಲ್ಲಿ ಮಣ್ಣು ಕಳಿಸಿದ್ದರು. ಆ ವರದಿಯ ಪ್ರಕಾರ ಅವರ ಹೊಲದಲ್ಲಿ ಹುಲ್ಲೂ ಬೆಳೆಯಬಾರದಿತ್ತು. ಇಂಥವರನ್ನೆಲ್ಲ ನೆನೆದು ನಾನು ಮನೆಯಲ್ಲಿ ನಗುತ್ತಿದ್ದೆ. ನಾನೇ ಅವರ ಸಾಲಿಗೆ ಸೇರುವವರೆಗೆ ನಕ್ಕೆ.

ಬಸ್ರೂರಿನ ಗದ್ದೆ ಇಬ್ಬರು ಅಕ್ಕತಂಗಿಯರದು. ಅಕ್ಕ ಗುಲಾಬಿ, ಅರವತ್ತು ದಾಟಿದವರು. ತಂಗಿ ಜಲಜ, ಐದಾರು ವರ್ಷಕ್ಕೆ ಚಿಕ್ಕವರು. ನನ್ನ ಬಾಯಲ್ಲಿ ಗುಲಾಬಕ್ಕ, ಜಲಜಕ್ಕ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಗುಡ್ಡೆ, ನಡುವೆ ಉದ್ದಕ್ಕೆ ಮಲಗಿದ ಒಂದೇ ಗದ್ದೆ. ಅವರ ಅಬ್ಬಿ, ಅಂದರೆ ತಾಯಿ, ಸಾಯುವ ವರ್ಷ ಅದರ ಮಧ್ಯೆ ಮಣ್ಣಿನದೊಂದು ಅಂಚು ಕಟ್ಟಿಸಿ ಪಾಲು ಮಾಡಿದ್ದರು. ಹೊಳೆಯ ಬದಿ ದೊಡ್ಡವಳಿಗೆ, ಗುಡ್ಡೆಯ ಬದಿ ಚಿಕ್ಕವಳಿಗೆ. ಆ ದಿನದಿಂದ ಅಕ್ಕತಂಗಿಯರಿಗೆ ಮಾತಿಲ್ಲ. ಹೊಳೆಯ ಉಪ್ಪುನೀರು ಹತ್ತುವ ಕೆಟ್ಟ ಬದಿಯನ್ನು ಅಬ್ಬಿ ತನ್ನ ತಲೆಗೆ ಕಟ್ಟಿದರು ಎಂದು ಅಕ್ಕ. ಗುಡ್ಡೆಯ ಕೆಂಪುನೀರು ಇಳಿಯುವ ಬದಿಗೆ ತನ್ನನ್ನು ದೂಡಿ, ಒಳ್ಳೆಯದನ್ನೆಲ್ಲ ಅಕ್ಕನಿಗೆ ಕೊಟ್ಟರು ಎಂದು ತಂಗಿ. ಕೆಳಗೆ ಕಿಂಡಿ ಅಣೆಕಟ್ಟು ಬಂದು ಉಪ್ಪುನೀರು ನಿಂತ ಮೇಲೂ ಜಗಳ ನಿಂತಿರಲಿಲ್ಲ. ಹನ್ನೊಂದು ವರ್ಷ.

ಇಬ್ಬರ ಗಂಡಂದಿರೂ ಮುಂಬಯಿಯ ಹೋಟೆಲುಗಳಲ್ಲಿ ದುಡಿದು ಊರಿಗೆ ಮರಳಿದವರು. ಅವರು ಈ ವಿಷಯದಲ್ಲಿ ಯಾರ ಪಕ್ಷವೂ ಅಲ್ಲ. ದಿನಾ ಸಂಜೆ ಒಂದೇ ಅಂಗಡಿಯ ಒಂದೇ ಬೆಂಚಿನಲ್ಲಿ ಕೂತು ಚಾ ಕುಡಿಯುತ್ತಿದ್ದರು. ಮಣ್ಣು ಪರೀಕ್ಷೆ ಮಾಡಿಸುವ ಎಂದು ನನಗೆ ಫೋನು ಮಾಡಿದ್ದೂ ಅವರಲ್ಲೊಬ್ಬರು, ಗುಲಾಬಕ್ಕನ ಗಂಡ ಶೀನಣ್ಣ. “ಒಂದೇ ದಿನ ಎರಡೂ ಗದ್ದಿದ್ ತಕಂಡ್ ಹೋಯಿನಿ ಮಾಷ್ಟ್ರೆ. ಒಬ್ರಿದ್ ಮೊದ್ಲ್ ತೆಗ್ದ್ರೆ ಅದಕ್ಕೂ ಒಂದ್ ಜಗಳ ಆತ್ತ್” ಎಂದಿದ್ದರು.

ಮೇ ತಿಂಗಳ ಮೊದಲ ವಾರ. ಗದ್ದೆ ಒಣಗಿ ಬಿರುಕು ಬಿಟ್ಟಿತ್ತು. ಹೊಳೆಯ ಬದಿಯಲ್ಲಿ ಹತ್ತು ಕಡೆ, ಗುಡ್ಡೆಯ ಬದಿಯಲ್ಲಿ ಹತ್ತು ಕಡೆ ಗೇಣುದ್ದ ಅಗೆದು ಮಣ್ಣು ತೆಗೆದೆ. ಗುಲಾಬಕ್ಕ ಅಂಚಿನ ಮೇಲೆ ಛತ್ರಿ ಹಿಡಿದು ನಿಂತು, ನಾನು ತಂಗಿಯ ಗದ್ದೆಯಲ್ಲಿ ಎಷ್ಟು ಗುಂಡಿ ತೆಗೆಯುತ್ತೇನೆಂದು ಎಣಿಸುತ್ತಿದ್ದರು. ಜಲಜಕ್ಕ ದನದ ಹಟ್ಟಿಯ ಬಾಗಿಲಲ್ಲಿ ನಿಂತು ಅದೇ ಕೆಲಸ ಮಾಡುತ್ತಿದ್ದರು. ಗುಲಾಬಕ್ಕನ ಅಂಗಳದಲ್ಲಿ ಹುಲ್ಲಿನ ಕುತ್ರಿ, ಅಂದರೆ ಬಣವೆ, ಮನೆಯ ಮಾಡಿಗೆ ಸಮ ಎತ್ತರ ಇತ್ತು. ಜಲಜಕ್ಕನದು ನನ್ನ ಹೆಗಲಿಗೆ ಬರುತ್ತಿತ್ತು. ಸ್ವಲ್ಪ ಬುದ್ಧಿಯಿದ್ದವನು ಅಲ್ಲಿಯೇ ಎರಡು ಗದ್ದೆಯ ಹಣೆಬರಹ ಓದಬಹುದಿತ್ತು. ನಾನು ಓದಿದವನು, ಹಾಗಾಗಿ ಕುತ್ರಿಯನ್ನು ನೋಡಲಿಲ್ಲ.

ಎರಡೂ ಮಣ್ಣನ್ನು ನಮ್ಮ ಮನೆಯ ಜಗಲಿಯ ಹೊರಗೆ, ನೆರಳಿನಲ್ಲಿ, ಬೇರೆ ಬೇರೆ ಪತ್ರಿಕೆಯ ಹಾಳೆಯ ಮೇಲೆ ಹರಡಿದೆ. ಪಕ್ಕದಲ್ಲಿ ಹೆಸರಿನ ಚೀಟಿಯಿಟ್ಟು ಮೇಲೊಂದು ಕಲ್ಲಿಟ್ಟೆ. ಮಧ್ಯಾಹ್ನ ಉಂಡು ಅಡ್ಡಾಗಿದ್ದಾಗ ಗಾಳಿ ಎದ್ದಿತು, ಹಿಂದೆಯೇ ಮಳೆ. ಎದ್ದುಬಿದ್ದು ಹಾಳೆಗಳನ್ನು ಒಳಗೆಳೆದೆ. ಮಣ್ಣು ಉಳಿಯಿತು. ಚೀಟಿಗಳು ಅಂಗಳದ ತೆಂಗಿನ ಬುಡದಲ್ಲಿ ಸಿಕ್ಕಿದವು. ಎಡಗಡೆ ಇದ್ದದ್ದು ಯಾರದು, ಬಲಗಡೆ ಯಾರದು ಎಂದು ಒಂದು ಕ್ಷಣ ಯೋಚಿಸಿದೆ. ಒಂದೇ ಕ್ಷಣ. ನನಗೆ ಚೆನ್ನಾಗಿ ನೆನಪಿತ್ತು. ಅಷ್ಟು ಚೆನ್ನಾಗಿ ನೆನಪಿರುವುದು ತಪ್ಪಾಗಿರಲು ಸಾಧ್ಯವೇ ಇಲ್ಲ ಎಂದುಕೊಂಡು ಚೀಟಿ ಹಾಕಿ, ಚೀಲ ಕಟ್ಟಿ ಕಳಿಸಿದೆ.

ಎರಡು ವಾರದಲ್ಲಿ ವರದಿ ಬಂತು. ಗುಲಾಬಕ್ಕನ ಹೆಸರಿನ ಮಣ್ಣು ತೀರಾ ಹುಳಿ, ಸಾರವೂ ಕಡಿಮೆ. ಜಲಜಕ್ಕನ ಹೆಸರಿನದು ಚೆನ್ನಾಗಿತ್ತು, ಏನೂ ಮಾಡಬೇಕಾಗಿಲ್ಲ. ಗುಲಾಬಕ್ಕನಿಗೆ ಓದಿ ಹೇಳಿ, ಇಷ್ಟು ಚೀಲ ಸುಣ್ಣ ಹಾಕಿ ಎಂದೆ. ಬೇರೆ ಯಾರಾದರೂ ಆಗಿದ್ದರೆ ಮುಖ ಸಣ್ಣ ಮಾಡುತ್ತಿದ್ದರು. ಗುಲಾಬಕ್ಕನ ಮುಖ ಅರಳಿತು.

“ಇನ್ನೊಂದ್ ಸಲ ಓದಿ ಮಾಷ್ಟ್ರೆ” ಎಂದರು. ಓದಿದೆ. ಆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮರುದಿನ ಬೆಳಿಗ್ಗೆ ಹಾಲಿನ ಡೈರಿಗೆ ಹೋದರಂತೆ. ಅವರ ಮನೆಯಲ್ಲಿ ದನವೇ ಇಲ್ಲ. “ಕಾಣಿ, ನಾನ್ ಹೇಳ್ರೆ ಯಾರೂ ನಂಬುದಿಲ್ಲೆ. ಈಗ ಕಾಗ್ದವೇ ಹೇಳ್ತ್” ಎಂದು ಸಾಲಿನಲ್ಲಿ ನಿಂತವರಿಗೆಲ್ಲ ತೋರಿಸಿದರಂತೆ. ಹಾಲಿನ ಕ್ಯಾನು ಹಿಡಿದು ಆ ಸಾಲಿನ ಕೊನೆಯಲ್ಲಿ ಜಲಜಕ್ಕನೂ ನಿಂತಿದ್ದರು.

ಜೂನ್ ಮೊದಲಿಗೆ ಒಂದೆರಡು ಮಳೆ ಬಿದ್ದ ಮೇಲೆ, ಸುಣ್ಣ ಹಾಕಿದ್ದು ಹೇಗಾಯಿತೆಂದು ನೋಡಲು ಹೋದೆ. ಗುಲಾಬಕ್ಕ ಅರ್ಧ ಗದ್ದೆಗೆ ಸುಣ್ಣ ಎರಚಿದ್ದರು. ಉಳಿದ ಚೀಲಗಳು ಜಗಲಿಯಲ್ಲಿದ್ದವು. ಗದ್ದೆಯ ಮೂಲೆಯಲ್ಲಿ ಹಟ್ಟಿಗೊಬ್ಬರದ ದೊಡ್ಡ ರಾಶಿ, ಕಪ್ಪಗೆ, ಹದವಾಗಿ ಕೊಳೆತದ್ದು.

“ಗೊಬ್ರ ಎಲ್ಲಿಂದ?” ಎಂದೆ.

ಗುಲಾಬಕ್ಕ ಸೆರಗಿನ ತುದಿ ಸರಿಮಾಡಿಕೊಂಡರು. “ಅವ್ಳ್ ಕಳ್ಸಿದ್ದ್. ನನ್ ತಂಗಿ. ಟೆಂಪೋದಂಗೆ. ಎಂತಕ್ ಅಂತ ಹೇಳ್ಲಿಲ್ಲೆ, ಬೇಕಾ ಅಂತ ಕೇಣ್ಲೂ ಇಲ್ಲೆ. ಟೆಂಪೋದವ ಬಂದ್ ಇಳ್ಸಿ ಹೋದ.”

“ನೀವ್ ಬೇಡ ಅನ್ಲಿಲ್ಯಾ?”

“ಅನ್ನುವ ಅಂದ್ಕಂಡೆ. ಬಾಯಿ ಬರ್ಲಿಲ್ಲೆ.”

ನನಗೆ ಸಂತೋಷವಾಯಿತು. ಹನ್ನೊಂದು ವರ್ಷದ ಜಗಳವನ್ನು ಒಂದು ವರದಿಯಿಂದ ಸಡಿಲಿಸಿದ ಹೆಮ್ಮೆಯಿಂದ ಗದ್ದೆಗೆ ಇಳಿದೆ. ನಾಲ್ಕು ಹೆಜ್ಜೆ ಹೋಗಿದ್ದೆ. ಬರಿಗಾಲಿಗೆ ಏನೋ ಚುಚ್ಚಿತು. ಬಗ್ಗಿ ನೋಡಿದರೆ ಚಿಪ್ಪಿನ ಚೂರು, ಬೆಳ್ಳಗೆ, ಉಗುರಿನಷ್ಟು. ಸುತ್ತ ನೋಡಿದೆ. ಮಳೆಗೆ ಮೇಲ್ಮಣ್ಣು ತೊಳೆದು ಅಲ್ಲೊಂದು ಇಲ್ಲೊಂದು ಅಂಥದೇ ಚೂರುಗಳು ಮಿನುಗುತ್ತಿದ್ದವು. ಹಿಂದೆ ಹೊಳೆ ಏರಿದಾಗ ತಂದು ಹಾಕಿದ ಚಿಪ್ಪುಗಳು.

ನಮ್ಮ ಜಗಲಿಯಲ್ಲಿ ಮಣ್ಣಿನ ಹೆಂಟೆ ಪುಡಿಮಾಡುವಾಗ ಇಂಥ ಚೂರುಗಳನ್ನು ನಾನೇ ಆರಿಸಿ ತೆಗೆದಿದ್ದೆ. ಆರಿಸಿ ತೆಗೆದದ್ದು, ಆಮೇಲೆ ಜಲಜ ಎಂದು ಚೀಟಿ ಹಾಕಿದ ಮಣ್ಣಿನಿಂದ.

ಸ್ಕೂಟರಿನ ಪೆಟ್ಟಿಗೆಯಲ್ಲಿ ಹುಳಿ ಅಳೆಯುವ ಸಣ್ಣ ಮೀಟರು ಇರುತ್ತದೆ. ಸುಣ್ಣ ಬೀಳದ ಕಡೆಯ ಮಣ್ಣು ತೆಗೆದು, ನೀರಿನಲ್ಲಿ ಕದಡಿ ಅಳೆದೆ. ಏನೂ ಹುಳಿಯಿಲ್ಲ. ನೆಪ ಹೇಳಿ ಅಂಚು ದಾಟಿ ಜಲಜಕ್ಕನ ಗದ್ದೆಯಲ್ಲೂ ಅಳೆದೆ. ಅಲ್ಲಿ ನಿಂತ ಮಳೆನೀರಿನ ಮೇಲೆ ತುಕ್ಕಿನ ಬಣ್ಣದ ಕೆನೆ ಕಟ್ಟಿತ್ತು. ಮೀಟರಿನ ಅಗತ್ಯವೇ ಇರಲಿಲ್ಲ. ಒಳ್ಳೆಯ ಗದ್ದೆ ಅಕ್ಕನದು. ಬಡವಾದದ್ದು ತಂಗಿಯದು. ತಂಗಿ ತನ್ನ ಬಡ ಗದ್ದೆಗೆ ಹಾಕಬೇಕಾದ ಗೊಬ್ಬರವನ್ನು ತುಂಬಿದ ಗದ್ದೆಗೆ ಕಳಿಸಿದ್ದರು. ಕಳಿಸುವಂತೆ ಮಾಡಿದವನು ನಾನು.

ಗುಲಾಬಕ್ಕನಿಗೆ “ಉಳಿದ ಸುಣ್ಣ ಈಗಲೇ ಹಾಕಬೇಡಿ, ಸ್ವಲ್ಪ ನೋಡುವ” ಎಂದು ಹೇಳಿ ಮನೆಗೆ ಬಂದೆ. ಮೂರು ದಿನ ಸುಮ್ಮನಿದ್ದೆ. ಸುಮ್ಮನಿರುವುದಕ್ಕೆ ನನ್ನ ಹತ್ತಿರ ಒಳ್ಳೊಳ್ಳೆಯ ಕಾರಣಗಳಿದ್ದವು. ಅರ್ಧ ಗದ್ದೆಯ ಸುಣ್ಣದಿಂದ ಆಗುವ ಕೇಡು ಅಷ್ಟೇನಲ್ಲ. ಜಲಜಕ್ಕನಿಗೆ ಬೇರೆ ಏನಾದರೂ ನೆಪ ಹೇಳಿ ಸುಣ್ಣ ಹಾಕಿಸಬಹುದು. ಒಂದಾಗುತ್ತಿರುವ ಅಕ್ಕತಂಗಿಯರ ನಡುವೆ ಸತ್ಯವನ್ನು ಯಾಕೆ ತಂದು ಹಾಕಬೇಕು? ನಾಲ್ಕನೆಯ ದಿನ ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ದೋಸೆ ಮಗುಚುತ್ತಿದ್ದಳು.

“ಚೀಟಿ ಬದ್ಲ್ ಮಾಡ್ದವ್ರ್ ನೀವ್. ಅವ್ರ್ ಕೂಡ್ಲಿ ಅಂತ ನೀವ್ ಸುಮ್ನಿಪ್ಪುದಾ, ನಿಮ್ ಮರ್ಯಾದಿ ಹೋಪುದ್ ಬ್ಯಾಡ ಅಂತ ಸುಮ್ನಿಪ್ಪುದಾ?” ಎಂದಳು. ದೋಸೆ ತಿನ್ನದೆ ಹೊರಟೆ ಎಂದು ಬರೆದರೆ ಚೆನ್ನಾಗಿರುತ್ತದೆ. ತಿಂದೇ ಹೊರಟೆ.

ಮೊದಲು ಹೋದದ್ದು ಜಲಜಕ್ಕನಲ್ಲಿಗೆ. ಅವರು ಹಟ್ಟಿಯಲ್ಲಿ ದನಕ್ಕೆ ಹಿಂಡಿ ಕಲಸುತ್ತಿದ್ದರು. ಮಳೆ, ಚೀಟಿ, ಚಿಪ್ಪು, ಎಲ್ಲ ಹೇಳಿದೆ. ಮುಗಿಯುವವರೆಗೂ ಅವರ ಕೈ ನಿಲ್ಲಲಿಲ್ಲ.

“ಹಂಗಾರೆ ಹಾಳಾದ್ ಮಣ್ಣ್ ನಂದಾ?”

“ಹಾಳಾದ್ದಲ್ಲ ಜಲಜಕ್ಕ, ಹುಳಿ ಹೆಚ್ಚ್. ಸುಣ್ಣ ಹಾಕ್ರೆ ಸರಿ ಆತ್ತ್. ತಪ್ಪೆಲ್ಲ ನಂದ್.”

ಅವರು ಕೈ ತೊಳೆದು ಕಂಬಕ್ಕೆ ಒರಗಿ ನಿಂತರು. “ಅಕ್ಕ ಸುಳ್ಳ್ ಹೇಳ್ತ್ರ್ ಅಂತ ಇಷ್ಟ್ ವರ್ಷ ಅಂದ್ಕಂಡಿದ್ದೆ. ಡೈರಿಯಂಗೆ ಆ ಕಾಗ್ದ ಕಂಡ್ ದಿನ ನಂಗ್ ಊಟ ಸೇರ್ಲಿಲ್ಲೆ. ಅಕ್ಕ ಹೇಳದ್ದೇ ನಿಜ, ನಾನೇ ಅಷ್ಟ್ ವರ್ಷ ಕೆಟ್ಟ್ ಮಾತಾಡ್ದೆ ಅಂತ ಆಯ್ತ್. ಅದಕ್ಕೇ ಗೊಬ್ರ ಕಳ್ಸಿದ್ದ್. ಈಗ ನೀವ್ ಬಂದ್ ಅದೂ ಸುಳ್ಳಂತ್ರಿ.”

ದನ ಹಿಂಡಿಯ ಬಾಲ್ದಿಯನ್ನು ಮೂಗಿನಿಂದ ದೂಡುತ್ತಿತ್ತು.

“ಅಕ್ಕನಿಗ್ ಹೇಳ್ಬೇಡಿ” ಎಂದರು ಜಲಜಕ್ಕ.

“ಹೇಳ್ದೆ ಇದ್ರೆ ಅವ್ರ್ ಉಳ್ದ ಸುಣ್ಣವೂ ಹಾಕ್ತ್ರ್. ಆ ಗದ್ದಿಗ್ ಅದ್ ಬ್ಯಾಡ.”

“ನಿಮ್ಗ್ ಗದ್ದಿ ಚಿಂತಿ.” ಅವರ ದನಿ ಏರಲಿಲ್ಲ. “ಗೊಬ್ರ ಇಳ್ಸುವತ್ತಿಗೆ ನಾನ್ ಇಲ್ಲಿಂದ ಕಾಣ್ತಿದ್ದೆ. ಅಕ್ಕ ಜಗಲಿಗ್ ಬಂದ್ ನಿಂತ್ರ್. ಬೈದ್ ತಿರ್ಗ್ಸಿ ಕಳ್ಸ್ತ್ರ್ ಅಂತ್ಲೇ ನಾನ್ ಅಂದ್ಕಂಡದ್. ಕಳ್ಸ್ಲಿಲ್ಲೆ. ನನ್ ಬದಿ ಒಂದ್ಸಲ ಕಂಡ್ ಒಳ್ಗ್ ಹೋದ್ರ್. ಅಷ್ಟೇ. ಅಷ್ಟಾದ್ರೂ ಉಳಿಲಿ ಮಾಷ್ಟ್ರೆ.”

ಹೇಳದೆ ಇರಲು ನನ್ನಿಂದಾಗದು ಎಂದೆ. ಅವರು ಬಾಲ್ದಿಯನ್ನು ದನದ ಹತ್ತಿರಕ್ಕೆ ಸರಿಸಿದರು. ಕೊನೆಗೆ, “ಹಂಗಾರೆ ಒಂದ್ ಮಾತ್ ಸೇರ್ಸಿ ಹೇಳಿ. ಕೊಟ್ಟದ್ ಕೊಟ್ಟಾಯ್ತ್. ಆ ಗೊಬ್ರ ಅಲ್ಲೇ ಇರ್ಲಿ” ಎಂದರು.

ಗುಲಾಬಕ್ಕ ಜಗಲಿಯಲ್ಲಿ ಕೂತು, ಮಳೆಗಾಲಕ್ಕೆ ಇಡಲು ಹಲಸಿನ ಬೇಳೆಗೆ, ಅಂದರೆ ಬೀಜಕ್ಕೆ, ಕೆಡದಂತೆ ಕೆಂಪು ಮಣ್ಣು ಬಳಿಯುತ್ತಿದ್ದರು. ವಿಷಯ ಹೇಳಿದಾಗ ಮೊದಲು ನಕ್ಕರು. “ನನ್ ಗದ್ದಿ ಒಳ್ಳೇದಾ? ನಿಮ್ಗೆಂತ ಜ್ವರ ಬಂದಿತ್ತಾ ಮಾಷ್ಟ್ರೆ?”

ನಾನು ಕಿಸೆಯಿಂದ ಚಿಪ್ಪಿನ ಚೂರು ತೆಗೆದು ಅವರ ಅಂಗೈಗೆ ಹಾಕಿದೆ. “ಇದ್ ಕಾಣಿ. ಸುಣ್ಣ ಅಂದ್ರೆ ಇದೇ. ಹೊಳಿ ತಂದ್ ನಿಮ್ ಗದ್ದಿಗ್ ಹಾಕಿಟ್ಟದ್ದ್. ಅದರ ಒಟ್ಟಿಗ್ ಹೂಳೂ ಬಂದಿತ್ತ್. ಊರಿಗೇ ಒಳ್ಳೆ ಮಣ್ಣ್ ನಿಮ್ದ್.”

ಅವರು ಚೂರನ್ನು ತಿರುಗಿಸಿ ನೋಡಿದರು. ನಗು ಹೋಯಿತು.

“ಪಾಲಾದ್ ವರ್ಷ ಇದ್ ಕಾಲಿಗ್ ಹೊಕ್ಕಿ ಕೀವಾಗಿತ್ತ್. ಆ ಕಾಲ್ ತೋರ್ಸಿ ಅಬ್ಬಿ ಹತ್ರ ಜಗಳ ಮಾಡಿದ್ದೆ. ‘ನೀನ್ ದೊಡ್ಡವ್ಳ್, ಹೊಳಿ ಬದಿ ನೀನೇ ತಕೋ’ ಅಂದಿದ್ರ್ ಅವ್ರ್. ದೊಡ್ಡವ್ಳ್ ತಡ್ಕಣ್ಲಿ ಅಂತ ಕೆಟ್ಟದ್ ಕೊಟ್ರ್ ಅಂತ್ಲೇ ನಾನ್ ಅರ್ಥ ಮಾಡ್ಕಂಡದ್.” ಚೂರನ್ನು ಮುಷ್ಟಿಯಲ್ಲಿ ಹಿಡಿದು, “ಹಂಗಾರೆ ಅಬ್ಬಿ...” ಎಂದರು.

ಆ ತಾಯಿ ಹಾಸಿಗೆ ಹಿಡಿದಿದ್ದ ಕೊನೆಯ ತಿಂಗಳುಗಳಲ್ಲಿ ಗುಲಾಬಕ್ಕ ಅವರೊಡನೆಯೂ ಮಾತು ಬಿಟ್ಟಿದ್ದರು. ಇದನ್ನು ಶೀನಣ್ಣ ನನಗೆ ಆಮೇಲೆ ಹೇಳಿದ್ದು. ಆ ದಿನ ತಿಳಿದಿದ್ದರೆ ನಾನು ಆ ಚೂರನ್ನು ಅಷ್ಟು ಸುಲಭವಾಗಿ ಅಂಗೈಗೆ ಹಾಕುತ್ತಿದ್ದೆನೋ ಇಲ್ಲವೋ.

“ಅವ್ಳಿಗ್ ಇದ್ ಗೊತ್ತಾಯ್ತಾ?” ಎಂದು ಗುಲಾಬಕ್ಕ ಕೇಳಿದರು.

“ಹೌದ್. ಅಲ್ಲಿಂದ್ಲೇ ಬಂದದ್. ಕೊಟ್ಟದ್ ಕೊಟ್ಟಾಯ್ತ್, ಗೊಬ್ರ ಇಲ್ಲೇ ಇರ್ಲಿ ಅಂದ್ರ್.”

ಗುಲಾಬಕ್ಕ ಹಲಸಿನ ಬೇಳೆಯ ಗೆರಸೆಯನ್ನು ಬದಿಗೆ ಸರಿಸಿದರು. ಮಣ್ಣು ಮೆತ್ತಿದ ಕೈಯನ್ನು ಸೀರೆಗೆ ಒರೆಸಿದ್ದು ಅವರಿಗೆ ತಿಳಿಯಲೇ ಇಲ್ಲ. “ನೀವೀಗ ಹೋಯಿನಿ ಮಾಷ್ಟ್ರೆ” ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು.

ಒಂದು ವಾರ ಆ ಕಡೆ ತಲೆ ಹಾಕಲಿಲ್ಲ. ನನ್ನನ್ನು ಇನ್ನು ಯಾರೂ ಕರೆಯುವುದಿಲ್ಲ, ಚೀಟಿ ಬದಲಿಸುವ ಮಾಷ್ಟ್ರು ಎಂದು ಊರಿಡೀ ಹೆಸರಾಗುತ್ತದೆ ಎಂದು ಕಾಯುತ್ತಿದ್ದೆ. ಕರೆ ಬಂದದ್ದು ಶೀನಣ್ಣನದು. “ಹ್ವಾಯ್, ಒಂದ್ ಗಳಿಗಿ ಬಂದ್ ಹೋಯಿನಿ” ಎಂದು ಹೇಳಿ ಫೋನು ಇಟ್ಟರು. ಹಿಂದೆ ಏನೋ ಗಲಾಟೆ ಕೇಳಿಸುತ್ತಿತ್ತು. ಸ್ಕೂಟರು ಹತ್ತಿ ಹೋದೆ.

ದಾರಿಗೇ ದನಿ ಕೇಳಿಸಿತು. ಗುಲಾಬಕ್ಕ ಅಂಚು ದಾಟಿ ತಂಗಿಯ ಗದ್ದೆಯ ನಡುವೆ ನಿಂತಿದ್ದರು. ಮೊಣಕಾಲಿನವರೆಗೆ ಸೀರೆ ಎತ್ತಿ ಕಟ್ಟಿದ್ದರು, ಮುಖವೆಲ್ಲ ಬೆಳ್ಳಗೆ. ತನ್ನ ಜಗಲಿಯಲ್ಲಿ ಉಳಿದಿದ್ದ ಸುಣ್ಣದ ಚೀಲಗಳನ್ನೆಲ್ಲ ಇಬ್ಬರೂ ಗಂಡಂದಿರ ತಲೆಯ ಮೇಲೆ ಹೊರಿಸಿ ತಂದಿದ್ದರು. ಜಲಜಕ್ಕ ಸುಣ್ಣದ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಎದುರು ನಿಂತಿದ್ದರು.

“ಒಂದೇ ಕಡಿ ಹಾಕ್ಬೇಡ, ತೆಳೂ ಬಿಕ್ಕ್ ಅಂತ ಎಷ್ಟ್ ಸಲ ಹೇಳುದ್!” ಎಂದು ಗುಲಾಬಕ್ಕ.

“ನನ್ ಗದ್ದಿ, ನಂಗ್ ಗೊತ್ತಿತ್ತ್!”

“ನಿಂಗೆಂತ ಗೊತ್ತಿತ್ತ್? ಸಣ್ಣಗಿಪ್ಪತ್ತಿಗೂ ಗೊತ್ತಿಲ್ಲೆ, ಈಗ್ಳೂ ಗೊತ್ತಿಲ್ಲೆ!”

“ಅಷ್ಟ್ ಗೊತ್ತಿದ್ದವ್ರ್ ಇಷ್ಟ್ ವರ್ಷ ಎಲ್ಲಿದ್ರಿ?”

ಗುಲಾಬಕ್ಕ ಇನ್ನೂ ಜೋರಾಗಿ ಕೂಗಿದರು. “ಅಬ್ಬಿ ಒಳ್ಳೆ ಗದ್ದಿ ನಂಗೇ ಕೊಟ್ಟದ್ ಕಾಣ್!”

“ಅದನ್ನೇ ಅಲ್ದಾ ನಾನ್ ಹನ್ನೊಂದ್ ವರ್ಷದಿಂದ ಹೇಳ್ತಿಪ್ಪುದ್!”

ಗದ್ದೆಯ ಅಂಚಿನಲ್ಲಿ ಇಬ್ಬರು ಗಂಡಂದಿರೂ ಖಾಲಿ ಚೀಲದ ಮೇಲೆ ಕೂತಿದ್ದರು. ತಲೆಗೂದಲು, ಹುಬ್ಬು, ಮೀಸೆ ಎಲ್ಲ ಸುಣ್ಣ. ನಾನು ಇಳಿದು ನಡುವೆ ಹೋಗಬೇಕೇ ಎಂದು ಕೈಸನ್ನೆಯಲ್ಲಿ ಕೇಳಿದೆ. ಶೀನಣ್ಣ ಬೇಡ ಎಂದು ತಲೆಯಾಡಿಸಿ ಎದ್ದು ಬಂದರು. ಅವರ ಕಣ್ಣು ಕೆಂಪಾಗಿತ್ತು. ಸುಣ್ಣಕ್ಕೋ ಏನೋ, ನಾನು ಕೇಳಲಿಲ್ಲ.

“ಬನ್ನಿ ಮಾಷ್ಟ್ರೆ, ಚಾ ಕುಡ್ಕಂಡ್ ಬಪ್ಪ. ಇದ್ ಈಗೆಲ್ಲ ಮುಗಿಯುದಲ್ಲ” ಎಂದರು.

ನಾವು ಮೂವರೂ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕೂತೆವು. ಚಾ ಬಂತು. ಮಳೆ ಹನಿಯಲು ಶುರುವಾಯಿತು. ಅಲ್ಲಿಗೂ ಅವರಿಬ್ಬರ ದನಿ ಚೆನ್ನಾಗಿ ಕೇಳಿಸುತ್ತಿತ್ತು.